ಗಂಟೆ ಮಾತ್ರ ಸುಳ್ಳಲ್ಲ

"ನಿಲ್ಸಿ ಮಾಮಾ. ಅಲ್ಲೇ ನಿಲ್ಸಿ," ಎಂದಳು ಶ್ಯಾಮಲ.

ಕುಪ್ಪುಸ್ವಾಮಿಯ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಮುಚ್ಚಿಹೋದ ಚಿನ್ನದ ಗಣಿ ಮೈಸೂರು ಮೈನ್ಸಿನ ಆಳುಗಳ ಲೈನು ಮನೆಗಳಲ್ಲಿ ಅವನ ದೆವ್ವದ ಕತೆಗೆ ಅಡ್ಡಬಾಯಿ ಹಾಕುವವರು ಇನ್ನೂ ಹುಟ್ಟಿರಲಿಲ್ಲ. ಅವನು ದನಿ ತಗ್ಗಿಸಿದನೆಂದರೆ ಸಾಕು, ಗಟ್ಟಿ ಗುಂಡಿಗೆಯ ಗಂಡಸರೂ ಚಾಚಿದ ಕಾಲನ್ನು ಒಳಗೆಳೆದುಕೊಂಡು ಕೂರುತ್ತಿದ್ದರು.

"ಯಾಕ್ ಕಣ್ಣು? ಎದ್ರಿಕೆ ಆಯ್ತಾ?" ಎಂದ, ತಮಿಳಿನ ಮುದ್ದಿನಲ್ಲಿ ಅವಳನ್ನು ಕಣ್ಣು ಎಂದು ಕರೆದು.

"ಆಯ್ತು. ಅದಕ್ಕೇ ನಿಲ್ಸಿ ಅಂದಿದ್ದು."

ಅದೇನೂ ನಾಟಕವಲ್ಲ. ಹೊತ್ತು ಇನ್ನೂ ಮಧ್ಯಾಹ್ನ. ಆದರೆ ಆಷಾಢದ ಗಾಳಿ, ಚಿನ್ನ ತೆಗೆದ ಮಣ್ಣು ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳನ್ನೆಲ್ಲ ಬಾಚಿ ತಂದು ಲೈನಿನ ಮೇಲೆ ಸುರಿಯುತ್ತಿತ್ತು. ಎದುರು ಮನೆಯೇ ಕಾಣುತ್ತಿರಲಿಲ್ಲ. ಕುಪ್ಪುಸ್ವಾಮಿಯ ಹೆಂಡತಿ ಮಾರಿಯಮ್ಮ ಬಾಗಿಲ ಸಂದಿಗೆ ಒದ್ದೆ ಗೋಣಿಚೀಲ ತುರುಕಿ, ನೀರಿನ ಬಿಂದಿಗೆಗೆ ತಟ್ಟೆ ಮುಚ್ಚಿ, ಒಲೆಯ ಪಕ್ಕ ಮುದುರಿ ಕೂತಿದ್ದಳು. ಮೇಲೆ ಜಿಂಕ್ ಶೀಟುಗಳು ದಡಬಡ ಬಡಿದುಕೊಳ್ಳುತ್ತಿದ್ದವು. ಮಾತಾಡಬೇಕೆಂದರೆ ಎಲ್ಲರೂ ಕೂಗಿಯೇ ಮಾತಾಡಬೇಕಿತ್ತು.

ಶ್ಯಾಮಲಳ ತಂಗಿ ಪುಷ್ಪ ಕಾಣೆಯಾಗಿ ಮೂರು ವಾರ ಆಗುತ್ತಾ ಬಂದಿತ್ತು. ಗಣಿಯ ಬಾವಿಯ, ಹಳೇ ಶಾಫ್ಟಿನ ದೆವ್ವವೇ ಅವಳನ್ನು ಕರೆದುಕೊಂಡು ಹೋಯಿತೆಂದು ಊರಿಗೆ ಊರೇ ನಂಬಿತ್ತು, ಯಾಕೆಂದರೆ ಕಣ್ಣಾರೆ ಕಂಡೆ ಅಂದವನು ಕುಪ್ಪುಸ್ವಾಮಿ.

"ಮಾಮಾ, ಮೊದಲ್ನೇ ಸಲ ನೀವು ಹೇಳ್ದಾಗ ಪುಷ್ಪನ್ನ ಕರ್ಕಂಡು ಹೋಗಿದ್ದು ಬಿಳೀ ಸೀರೆ ಹೆಂಗಸು. ಎರಡ್ನೇ ಸಲ, ತಲೆಗೆ ದೀಪ ಕಟ್ಕಂಡಿದ್ದ ಗಂಡಸು. ಇವತ್ತು ಯಾರೂ ಇಲ್ಲ, ಬರೀ ಬಂಡೆ ಸಿಡಿಸೋ ಮದ್ದು ಸುಟ್ಟ ವಾಸನೆ."

"ದೆವ್ವ ಅಂದ್ಮೇಲೆ ಒಂದೇ ವೇಷದಾಗೆ ಬತ್ತದಾ, ಕಣ್ಣು?"

"ಪುಷ್ಪ ಯಾವ ದಾರೀಲಿ ಬಂದ್ಳು ಅಂತ ಕೇಳಿದ್ರೆ ನಾಯಿ ಊಳಿಟ್ಟಿದ್ದು ಹೇಳ್ತೀರ. ಜೊತೇಲಿ ಯಾರಿದ್ರು ಅಂತ ಕೇಳಿದ್ರೆ ಗಾಳಿ ನಿಂತೋಯ್ತು ಅಂತೀರ. ನೀವೆಲ್ಲಿ ನಿಂತಿದ್ರಿ ಅಂದ್ರೆ ಮೈಮೇಲೆ ಮುಳ್ಳೆದ್ದಿದ್ದು ಹೇಳ್ತೀರ!"

ಮುದುಕ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ.

ಬಂಗಾರಪೇಟೆಯ ಕಾಲೇಜಿನಲ್ಲಿ ಶ್ಯಾಮಲ ಮಕ್ಕಳಿಗೆ ಕತೆಗಳ ಪಾಠ ಮಾಡುತ್ತಿದ್ದಳು. ಭಯದ ಕತೆ ಬಂದಾಗಲೆಲ್ಲ ಅವಳದ್ದು ಒಂದೇ ಮಾತು. ದೆವ್ವವನ್ನು ನೋಡಬೇಡ್ರಪ್ಪಾ, ಹೇಳುವವನ ಬಾಯಿ ನೋಡಿ. ನೀವು ಪ್ರಶ್ನೆ ಕೇಳಬೇಕಾದ ಜಾಗದಲ್ಲೆಲ್ಲ ಅವನು ಒಂದು ನೆರಳನ್ನೋ ಒಂದು ನರಳಾಟವನ್ನೋ ಇಟ್ಟಿರುತ್ತಾನೆ. ಹೆದರಿದವರಿಗೆ ಪ್ರಶ್ನೆ ಮರೆತುಹೋಗುತ್ತದೆ, ಅವನಿಗೆ ಬೇಕಾಗಿರುವುದೂ ಅದೇ. ಇಷ್ಟೆಲ್ಲ ಹೇಳಿಕೊಡುವ ಮೇಡಮ್ಮು, ತನ್ನ ತಂಗಿಯ ವಿಷಯಕ್ಕೆ ಬಂದಾಗ ಊರವರ ಜೊತೆ ತಾನೂ ಬಾಯಿ ಬಿಟ್ಟುಕೊಂಡು ದೆವ್ವವನ್ನೇ ನೋಡುತ್ತ ಕೂತಿದ್ದಳು. ಯಾರಿಗೆ ಹೇಳಿಕೊಳ್ಳುವುದು?

ಅವಳು ಮುಂದೆ ಬಾಗಿದಳು. "ಕೈ ತೋರ್ಸಿ ಮಾಮಾ."

"ಯಾಕೆ?"

"ತೋರ್ಸಿ."

ಅವನು ಕೈಗಳನ್ನು ಟವೆಲಿನೊಳಗೆ ಸುತ್ತಿಕೊಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಶ್ಯಾಮಲ ಟವೆಲನ್ನೇ ಹಿಡಿದು ಎಳೆದಳು. ಎರಡು ಅಂಗೈಗಳಿಗೂ ಅಡ್ಡಲಾಗಿ ಸುಲಿದ ಗಾಯ. ಒಣಗುತ್ತಿದ್ದರೂ ಅಂಚಿನಲ್ಲಿ ಇನ್ನೂ ಕೆಂಪಿತ್ತು. ಹಗ್ಗ ಜಾರಿದರೆ ಮಾತ್ರ ಕೈ ಹಾಗೆ ಸುಲಿಯುತ್ತದೆ. ರಿಟೈರಾಗಿ ವರ್ಷಗಟ್ಟಲೆ ಬೀಡಿ ಬಿಟ್ಟು ಬೇರೇನನ್ನೂ ಹಿಡಿಯದ ಕೈಗೆ ಹಗ್ಗ ಎಲ್ಲಿಂದ ಬಂತು?

ಶ್ಯಾಮಲ ಬಾಗಿಲ ಕಡೆ ನೋಡಿದಳು. ಬಾಗಿಲಿಗೆ ಒಳಗಿನಿಂದ ಚಿಲಕ. ಹೊರಗೆ ಕೂಗಿದರೆ ಕೇಳಿಸದಷ್ಟು ಗಾಳಿ. ಗಂಡ ನಾಗೇಶ್ ಲೈನಿನ ಮೂಲೆಯ ಟೀ ಅಂಗಡಿಯಲ್ಲಿ ಕೂತಿದ್ದಾನೆ, ಅದೊಂದೇ ಧೈರ್ಯ. 'ನೀನು ನಿಧಾನಕ್ಕೆ ಮಾತಾಡ್ಕಂಡು ಬಾ, ನಾನಿರ್ತೀನಿ' ಎಂದಿದ್ದ. ಪುಷ್ಪ ಕಾಣೆಯಾದಾಗಿನಿಂದ ಸ್ಟೇಷನ್ನಿಗೆ ಅಲೆದವನು ಅವನು, ಬಂಗಾರಪೇಟೆಯ ಗೋಡೆಗಳಿಗೆಲ್ಲ ಅವಳ ಫೋಟೋ ಅಂಟಿಸಿದವನೂ ಅವನೇ.

"ಈ ಕೈಯಿಂದ ನನ್ ತಂಗೀಗೆ ಏನ್ ಮಾಡಿದ್ರಿ?"

"ಅಯ್ಯಯ್ಯೋ! ಮುರುಗಾ!" ಮಾರಿಯಮ್ಮ ಒಲೆಯ ಬಳಿಯಿಂದ ಎದ್ದೇ ಬಿಟ್ಟಳು. "ಎಂಥಾ ಮಾತು ಆಡ್ತೀಯಮ್ಮಾ! ನಿಮ್ಮಪ್ಪನ ಜತೇಲಿ ಒಂದೇ ತಟ್ಟೇಲಿ ಉಂಡೋನು ಇವನು!"

"ನೀನ್ ಸುಮ್ನಿರು," ಎಂದ ಕುಪ್ಪುಸ್ವಾಮಿ ಹೆಂಡತಿಗೆ. ದನಿ ನಡುಗುತ್ತಿತ್ತು.

ಹೆದರಿದವರಿಬ್ಬರೂ ಎದುರುಬದುರು ಕೂತು ಒಬ್ಬರನ್ನೊಬ್ಬರು ನೋಡಿದರು. ಮೊದಲು ಕಣ್ಣು ತಗ್ಗಿಸಿದವನು ಮುದುಕ.

ಶ್ಯಾಮಲ ಉಸಿರು ಎಳೆದುಕೊಂಡಳು. ಕೊನೆಯ ಪ್ರಶ್ನೆಯೊಂದು ಉಳಿದಿತ್ತು. ಹಿಂದಿನ ದಿನವೆಲ್ಲ ತಲೆ ತಿಂದದ್ದು ಅದೇ.

"ಮಾಮಾ, ನಿಮ್ಮ ಕತೇಲಿ ಹೆಂಗಸು ಬದಲಾದ್ಳು, ಗಂಡಸು ಬದಲಾದ, ವಾಸನೆ ಬದಲಾಯ್ತು. ಒಂದು ಮಾತ್ರ ಮೂರು ಸಲಾನೂ ಹಂಗೇ ಇದೆ. ಮುಚ್ಚಿರೋ ಶಾಫ್ಟಿಂದ ಗಂಟೆ ಕೇಳಿಸ್ತು ಅಂದ್ರಿ."

ಅವನು ಟವೆಲನ್ನು ಮತ್ತೆ ತನ್ನತ್ತ ಎಳೆದುಕೊಂಡ.

"ನೀವು ವೈಂಡರ್ ಡ್ರೈವರು. ಜೀವಮಾನವೆಲ್ಲ ಇಂಜಿನ್ ಮನೇಲಿ ಕೂತು ಶಾಫ್ಟೊಳಗೆ ಆಳುಗಳ ಕೇಜು ಇಳಿಸಿ ಏರಿಸಿದೋರು. ಕೆಳಗಿರೋ ಆಳುಗಳನ್ನ ನೀವು ಒಂದಿನಾನೂ ನೋಡಿಲ್ಲ. ಗಂಟೆ ಹೊಡೆದ್ರೆ ಹಗ್ಗ ಎಳೀತಿದ್ರಿ, ಹೊಡೀದಿದ್ರೆ ಇಲ್ಲ. ನಮ್ಮಪ್ಪ ಹೇಳ್ತಿದ್ರು. ಕುಪ್ಪುಸ್ವಾಮಿ ಬಾಯಿ ಬಿಟ್ರೆ ಬರೀ ಸುಳ್ಳು, ಆದ್ರೆ ಕೇಳಿಸ್ದೇ ಇರೋ ಗಂಟೇನ ಕೇಳಿಸ್ತು ಅಂತ ಅವನು ಸತ್ರೂ ಹೇಳಲ್ಲ, ಹಂಗೇಳೋ ಡ್ರೈವರು ಕೊಲೆಗಾರ ಅಂತ."

ಶ್ಯಾಮಲಳ ಅಪ್ಪ ಮುನಿಶಾಮಿ ಅದೇ ಶಾಫ್ಟಿನಲ್ಲಿ ಕೇಜಿನ ಬಾಗಿಲಲ್ಲಿ ನಿಂತು ಗಂಟೆಯ ತಂತಿ ಎಳೆಯುತ್ತಿದ್ದವನು. ಕೆಳಗೆ ಇವನು ಎಳೆದರೆ ಮೇಲೆ ಕುಪ್ಪುಸ್ವಾಮಿ ಕೇಳಬೇಕು. ಅಷ್ಟೇ ಅವರಿಬ್ಬರ ಸ್ನೇಹ, ಅದರ ಮೇಲೆ ನೂರಾರು ಜನರ ಜೀವ.

"ಕತೆ ಎಲ್ಲಾ ಸುಳ್ಳು. ಗಂಟೆ ಒಂದು ನಿಜ. ಹೌದಾ ಅಲ್ವಾ?"

ಮುದುಕ ಟೀ ಕುಡಿದಿಟ್ಟಿದ್ದ ಗ್ಲಾಸನ್ನು ಎಳೆದುಕೊಂಡು, ಚಮಚದ ಹಿಡಿಯಿಂದ ಅದರ ಅಂಚಿಗೆ ಬಡಿದ. ತಡೆದು ತಡೆದು, ಮತ್ತೆ ಒಟ್ಟಿಗೆ.

ಶ್ಯಾಮಲಳಿಗೆ ಆ ಬಡಿತ ಗೊತ್ತಿತ್ತು. ಅದು ಆಳಿನ ಗಂಟೆ. ಕೇಜಿನಲ್ಲಿರುವುದು ಕಲ್ಲಲ್ಲ, ಮನುಷ್ಯ, ಮೆಲ್ಲಗೆ ಮೇಲೆಳೆ ಎಂದು ಹೇಳುವ ಗಂಟೆ. ಅಪ್ಪ ದಿನಾ ಸಂಜೆ ಊಟದ ತಟ್ಟೆಯ ಮೇಲೆ ಅದನ್ನೇ ಬಡಿದು ಹೆಣ್ಣುಮಕ್ಕಳಿಬ್ಬರನ್ನೂ ಉಣ್ಣಲು ಕರೆಯುತ್ತಿದ್ದ. ಪುಷ್ಪ ಓಡಿ ಬಂದು ತಾನೂ ಬಡಿಯುತ್ತೇನೆಂದು ಚಮಚ ಕಿತ್ತುಕೊಳ್ಳುತ್ತಿದ್ದಳು.

"ಅವಳು... ಅವಳೇ ಹೊಡೆದಿದ್ದಾ?"

"ಇನ್ಯಾರು ಒಡೀತಾರಮ್ಮಾ? ದೆವ್ವಕ್ಕೇನು ಗಂಟೆ ಲೆಕ್ಕ ಗೊತ್ತಾ?" ಕುಪ್ಪುಸ್ವಾಮಿಯ ಕಣ್ಣಿಂದ ನೀರು ದಳದಳ ಇಳಿಯತೊಡಗಿತು. "ಅವತ್ತು ಮಧ್ಯಾನ ಉಂಡು ಮಲಗಿದ್ದೆ. ಲೈನ್ ಇಂದಿರೋ ಇಂಜಿನ್ ಮನೆ ಗಂಟೆ ಒಡೀತು. ಸತ್ತೋದೆ ಅಂತ ಅಂದ್ಕಂಡೆ. ಸತ್ತೋರಿಗಲ್ವಾ ನಿಂತೋದ ಗಂಟೆ ಕೇಳ್ಸೋದು? ಮತ್ತೆ ಒಡೀತು. ಆಳಿನ ಗಂಟೆ. ಆ ಗಂಟೆ ಕೇಳ್ಸಿದ್ರೆ ನಾನು ಸುಮ್ನಿರಕ್ಕಾಯ್ತದಾ? ಓಡ್ದೆ."

ಗಾಳಿಯ ಸದ್ದಿಗೆ ಮೀರಿ ಅವನು ಕೂಗಿ ಕೂಗಿ ಹೇಳಿದ. ಶಾಫ್ಟಿನ ಬಾಯಿಗೆ ಹಾಕಿದ್ದ ಕಾಂಕ್ರೀಟು ಒಂದು ಕಡೆ ಒಡೆದು ಹೋಗಿತ್ತಂತೆ. ಕೆಳಗೆ, ಹಳೇ ಏಣಿಯ ಹಲಗೆಯ ಮೇಲೆ, ಪುಷ್ಪ ಬಿದ್ದಿದ್ದಳು. ಕಾಲು ಮುರಿದಿತ್ತು. ಅದರ ಕೆಳಗೆ ಬರೀ ಕತ್ತಲೆ, ನೀರು. ಕೂಗಲು ಅವಳಿಗೆ ಉಸಿರಿರಲಿಲ್ಲ. ಕೈಗೆ ಸಿಕ್ಕಿದ್ದು ಅಪ್ಪ ಎಳೆಯುತ್ತಿದ್ದ ತಂತಿ. ಕಬ್ಬಿಣದ ಕಳ್ಳರು ಊರನ್ನೆಲ್ಲ ಕಿತ್ತುಕೊಂಡು ಹೋದರೂ ಅದೊಂದನ್ನು ಬಿಟ್ಟು ಹೋಗಿದ್ದರು.

"ನಾನೂ ಇವಳೂ ಹಗ್ಗ ಆಕಿ ಎಳುದ್ವಿ. ಕೈ ಸುಲಿದೋಯ್ತು. ಮೇಲಕ್ಕೆ ಬಂದ ಮಗು ಫಸ್ಟು ಏಳಿದ್ದೇನು ಗೊತ್ತಾ? ನಾನು ಸತ್ತೋದೆ ಅಂತ ಏಳಿಬಿಡು ಮಾಮಾ. ದೆವ್ವ ಎತ್ಕಂಡೋಯ್ತು ಅಂತಾನಾದ್ರೂ ಏಳು. ನಾನು ಬದುಕಿದೀನಿ ಅಂತ ಗೊತ್ತಾದ್ರೆ ಅವನು ಬಿಡಲ್ಲ ಅಂತ."

ಬದುಕಿದ್ದಾಳೆ. ಶ್ಯಾಮಲ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಮೂರು ವಾರ ಒಳಗೆ ಕಟ್ಟಿಕೊಂಡಿದ್ದ ಅಳು ಒಮ್ಮೆಗೇ ಬಂತು. ಆಮೇಲೆ ಮುದುಕನ ಕೊನೆಯ ಮಾತು ಅವಳ ಕಿವಿಯೊಳಗೆ ಇಳಿಯಿತು.

"ಯಾರು? ಯಾರು ಬಿಡಲ್ಲ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಏಳ್ಬಿಡು," ಎಂದಳು ಮಾರಿಯಮ್ಮ. "ಇನ್ನೇನ್ ಉಳ್ದದೆ ಮುಚ್ಚಿಕ್ಕಕ್ಕೆ."

"ನಿನ್ನನ್ನ ಬೈಕಲ್ಲಿ ಕೂರಿಸ್ಕಂಡು ಬಂದೋನು," ಎಂದ ಕುಪ್ಪುಸ್ವಾಮಿ.

ಮೇಲೆ ಶೀಟು ಬಡಿಯಿತು. ಶ್ಯಾಮಲ ನಕ್ಕುಬಿಟ್ಟಳು. ನಗು ಬಂದದ್ದು ಹೆದರಿಕೆಗೆ.

"ಇದೂ ಕತೇನಾ ಮಾಮಾ? ನಾಲ್ಕನೇ ಕತೇನಾ?"

"ಕತೇನೇ ಆಗ್ಲಿ ಅಂತ ಬೇಡ್ಕೋತೀನಮ್ಮಾ. ಅಲ್ಲ. ಶಾಫ್ಟಿನತ್ರ ಅವನ್ ಗುಜರಿ ಅಂಗಡಿ ಆಳುಗಳು ಕೇಜಿನ ಚಕ್ರದ ಕಬ್ಬಿಣ ಕದ್ದು ಕೊಯ್ತಾ ಇದ್ರು. ಪುಷ್ಪ ನೋಡ್ಬಿಟ್ಲು. ಕಂಪ್ಲೇಂಟ್ ಕೊಡ್ತೀನಿ ಭಾವ ಅಂದ್ಲಂತೆ. ಆಳುಗಳ್ನ ಲಾರಿ ಅತ್ಸಿ ಕಳಿಸ್ದ. ನಗ್ತಾ ನಗ್ತಾ ಜತೇಲಿ ಬಂದ. ಇಂದ್ಲಿಂದ ತಳ್ದ. ಅಷ್ಟೆ."

ಅವನ ಮಾತಿನಲ್ಲಿ ಈ ಸಲ ನೆರಳಿಲ್ಲ, ನಾಯಿಯ ಊಳಿಲ್ಲ, ದನಿ ಏರಿಸಿ ಇಳಿಸುವುದಿಲ್ಲ. ಪದಗಳಿಗೆ ತಡಕಾಡುತ್ತ, ಮೂಗು ಒರೆಸಿಕೊಳ್ಳುತ್ತ, ಕತೆ ಹೇಳಲು ಬಾರದ ಮನುಷ್ಯನ ಹಾಗೆ ಹೇಳಿದ. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಪುಷ್ಪ ಕಾಣೆಯಾದ ದಿನ ಅವಳನ್ನು ಬೈಕಿನಲ್ಲಿ ಕರೆದೊಯ್ದವನು ನಾಗೇಶ್, ಅವನು ಹೇಳಿದ್ದು ನೆನಪಾಯಿತು. 'ಮೈಸೂರು ಮೈನ್ಸ್ ಬಸ್ ಸ್ಟಾಪಲ್ಲಿ ಇಳಿಸ್ದೆ. ಕೈ ಬೀಸಿದ್ಲು. ನಾನು ಗುಜರಿ ಅಂಗಡಿಗೆ ವಾಪಸ್ ಬಂದೆ.' ಪೊಲೀಸರ ಮುಂದೆ ಹಾಗೆಯೇ ಹೇಳಿದ, ನೆಂಟರ ಮುಂದೆ ಹಾಗೆಯೇ, ಅಡುಗೆ ಮನೆಯಲ್ಲಿ ಅವಳ ತಲೆ ನೇವರಿಸುತ್ತಲೂ ಹಾಗೆಯೇ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಎಂದೂ ದನಿ ನಡುಗಲಿಲ್ಲ. ಅವಳಿಗೆ ಅದೆಷ್ಟು ಹಿತವಾಗಿತ್ತು! ಎಲ್ಲರೂ ದೆವ್ವ ಭೂತ ಅಂತ ಬಡಬಡಿಸುವಾಗ ನನ್ನ ಗಂಡನೊಬ್ಬ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ ಅಂದುಕೊಂಡಿದ್ದಳು. ನಡುಗುವ ದನಿಯನ್ನು ಸಂಶಯಿಸಿದಳು, ತಣ್ಣಗಿನ ದನಿಯನ್ನು ಕಣ್ಣುಮುಚ್ಚಿ ನಂಬಿದಳು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಅವಳ ಅವ್ವ ಹೇಳುತ್ತಿದ್ದದ್ದು ಇಂಥದ್ದಕ್ಕೇ ಇರಬೇಕು.

"ನಂಗ್ಯಾಕೆ ಹೇಳ್ಲಿಲ್ಲ ನೀವು? ನಾನ್ ಅವಳ ಅಕ್ಕ ಅಲ್ವಾ!"

"ಅವಳೇ ಬೇಡ ಅಂದ್ಲು. ಅಕ್ಕ ಅವನ ಜತೇಲಿ ಒಂದೇ ಮನೇಲಿ ಇರೋಳು, ಅವಳ ಮುಖ ನೋಡಿದ್ರೆ ಎಲ್ಲಾ ಗೊತ್ತಾಗೋಯ್ತದೆ, ಅವಳ್ನೂ ಉಳಿಸಲ್ಲ ಅಂತ. ಕಾಲು ಊರಂಗಾದ್ರೆ ತಾನೇ ಕೋಲಾರಕ್ಕೋಗಿ ದೊಡ್ಡ ಪೊಲೀಸ್ ಸಾಹೇಬ್ರ ಮುಂದೆ ಏಳ್ತಾಳಂತೆ."

"ಈಗೆಲ್ಲಿದಾಳೆ?"

ಅವನು ತಲೆಯಾಡಿಸಿದ. ಬೇಡ.

"ಮಾಮಾ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದು ಮಾತು. ಎಲ್ಲಿದಾಳೆ?"

ಗಾಳಿ ಆ ಹೊತ್ತಿಗೆ ಮನೆಯನ್ನೇ ಎತ್ತಿಕೊಂಡು ಹೋಗುವಂತೆ ಬಡಿಯುತ್ತಿತ್ತು. ಕುಪ್ಪುಸ್ವಾಮಿ ಅವಳ ಕಡೆ ಬಾಗಿ, ಕತ್ತಿನ ನರ ಉಬ್ಬಿಸಿ ಕೂಗಿದ.

"ಕಾಮಸಮುದ್ರದಾಗೆ ನಮ್ ನಾದ್ನಿ ಮನೇಲವ್ಳೆ!"

ಆಷಾಢದ ಗಾಳಿಯ ಬುದ್ಧಿ ಯಾರಿಗೆ ಗೊತ್ತಿಲ್ಲ? ಬೀಸುವುದು ಬೀಸಿ, ಯಾರೋ ಕೈ ಹಿಡಿದಂತೆ ನಿಂತುಬಿಡುತ್ತದೆ. ಅವನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನಿಂತೇಬಿಟ್ಟಿತ್ತು. ಮೌನವಾದ ಲೈನಿನಲ್ಲಿ, ತಟ್ಟಿಯ ಗೋಡೆಗಳ ಆ ಮನೆಯಲ್ಲಿ, ಮುದುಕನ ಕೂಗು ಮಾತ್ರ ಉಳಿಯಿತು.

ಹೊರಗೆ ಯಾರೋ ಗಂಟಲು ಸರಿಮಾಡಿಕೊಂಡರು. ಬಾಗಿಲ ಹತ್ತಿರವೇ.

"ಶ್ಯಾಮೂ, ಮುಗೀತೇನೇ ಮಾತು?"

ಟೀ ಅಂಗಡಿ ಲೈನಿನ ಮೂಲೆಯಲ್ಲಿತ್ತು. ಅವನು ಯಾವಾಗ ಬಂದ? ಎಷ್ಟು ಹೊತ್ತಿನಿಂದ ಇದ್ದಾನೆ?

ಮಾರಿಯಮ್ಮ ಚಿಲಕ ತೆಗೆದಳು. ನಾಗೇಶ್ ತಲೆ ಬಾಗಿಸಿ ಒಳಗೆ ಬಂದ. ಕೂದಲು, ಹುಬ್ಬು, ಮೀಸೆಯ ಮೇಲೆಲ್ಲ ಬಿಳಿ ಧೂಳು. ಕರ್ಚೀಫಿನಿಂದ ಒರೆಸಿಕೊಳ್ಳುತ್ತ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಕೊನೆಗೆ ಹೆಂಡತಿಯ ಕೆಂಪಾದ ಕಣ್ಣು ನೋಡಿದ.

"ಏನಂತೆ ನಮ್ಮ ದೆವ್ವದ ಮಾಮ?"

ಅಕ್ಕನ ಮುಖ ನೋಡಿದರೆ ಎಲ್ಲಾ ಗೊತ್ತಾಗಿಬಿಡುತ್ತದೆ. ತಂಗಿ ಸರಿಯಾಗಿಯೇ ಹೇಳಿದ್ದಳು. ಮುಖ ಮುಚ್ಚುವುದು ಅವಳಿಂದಾಗದ ಮಾತು. ಉಳಿದದ್ದು ಒಂದೇ ದಾರಿ, ಅದಕ್ಕೊಂದು ಕಾರಣ ಕೊಡುವುದು.

"ರೀ, ಕೇಳಿದ್ರೆ ನೀವು ನಗ್ತೀರ," ಎಂದಳು ಶ್ಯಾಮಲ. ದನಿಯನ್ನು ಕುಪ್ಪುಸ್ವಾಮಿಯ ಹಾಗೆ ತಗ್ಗಿಸಿದಳು. ಅದು ತಾನಾಗಿ ನಡುಗಿತು, ಒಳ್ಳೆಯದೇ ಆಯಿತು. "ಪುಷ್ಪ ದಿನಾ ಸಂಜೆ ಈ ಬಾಗಿಲ ಹತ್ರ ಬಂದು ನಿಲ್ತಾಳಂತೆ. ಕೂದ್ಲು ಬಿಚ್ಕಂಡು. ಒದ್ದೆ ಬಟ್ಟೇಲಿ. ಕರುದ್ರೆ ಮಾತಾಡಲ್ವಂತೆ. ಹೊಸಿಲು ನೋಡಿದ್ರೆ ಬೆಳಿಗ್ಗೆ ನೀರು ನಿಂತಿರುತ್ತಂತೆ."

ನಾಗೇಶನ ಕರ್ಚೀಫು ಒಂದು ಗಳಿಗೆ ನಿಂತಿತು.

"ನನ್ನ ಯಾರು ತಳ್ಳಿದ್ರು ಅಂತ ಕೇಳ್ತಾಳಂತೆ," ಎಂದುಬಿಟ್ಟಳು. ಹೇಳಿದ ಕೂಡಲೇ ನಾಲಗೆ ಕಚ್ಚಿಕೊಂಡಳು. ಮಾತಾಡಲ್ಲ ಅಂದವಳು ಅವಳೇ, ಕೇಳ್ತಾಳೆ ಅಂದವಳೂ ಅವಳೇ! ಅದರ ಮೇಲೆ 'ತಳ್ಳಿದ್ರು' ಬೇರೆ. ಕತೆ ಕಟ್ಟುವುದನ್ನು ಪಾಠ ಮಾಡುವುದೇ ಬೇರೆ, ಕಟ್ಟುವುದೇ ಬೇರೆ.

"ಅದಕ್ಕೇ ಕಾಮಸಮುದ್ರ ಅಂತಿದ್ರು," ಎಂದು ಅವಸರದಲ್ಲಿ ಮುಂದುವರಿಸಿದಳು. "ಅಲ್ಲಿ ಮಾಮನ ನಾದಿನಿ ಕಡೆಯೋರು ಒಬ್ರು ಮಂತ್ರ ಹಾಕ್ತಾರಂತೆ. ಇಂಥಾ ಆತ್ಮ ಇದ್ರೆ ಕಟ್ತಾರಂತೆ."

"ಹೂನಪ್ಪಾ, ಹೂನು," ಎಂದ ಕುಪ್ಪುಸ್ವಾಮಿ, ಗೋಡೆ ನೋಡುತ್ತ.

ನಾಗೇಶ್ ಕರ್ಚೀಫನ್ನು ಮಡಿಚಿ ಜೇಬಿಗಿಟ್ಟ. ಆಮೇಲೆ ಅವಳ ಹತ್ತಿರ ಬಂದು, ಸೆರಗಿನ ಮೇಲಿನ ಧೂಳನ್ನು ಕೈಯಿಂದಲೇ ಕೊಡವಿದ. ಯಾವಾಗಿನ ಹಾಗೆಯೇ ಮೆತ್ತಗೆ.

"ಇದಕ್ಯಾಕೆ ಅಳ್ತೀಯ? ನಿಂಗೆ ಸಮಾಧಾನ ಆಗೋದಾದ್ರೆ ಮಂತ್ರ ಆಕಿಸ್ದ್ರಾಯ್ತು. ಬೈಕೈತಲ್ಲ. ಈಗ್ಲೇ ಓಗಿ ಬರಾಣ ನಡಿ."

"ಈಗಲೇ? ಗಾಳಿ ಧೂಳು..."

"ನಿಂತೋಯ್ತಲ್ಲ ಗಾಳಿ."

ಅವಳ ಕತೆಯೇ ಅವಳ ಕೊರಳಿಗೆ ಬಂದಿತ್ತು. ಬೇಡ ಅಂದರೆ ಯಾಕೆ ಬೇಡ ಅನ್ನುತ್ತಾನೆ. ಹೂಂ ಅಂದರೆ ತಂಗಿಯ ಬಾಗಿಲಿಗೇ ಇವನನ್ನು ತಾನೇ ಕರೆದೊಯ್ದಂತೆ. ಹೋಗದೆ ಉಳಿದರೆ ಒಬ್ಬನೇ ಹೋಗುತ್ತಾನೆ. ಶ್ಯಾಮಲ ಎದ್ದಳು. ಜೊತೆಯಲ್ಲಿದ್ದರೆ ಕೊನೇಪಕ್ಷ ಅಡ್ಡ ನಿಲ್ಲಬಹುದು.

ಮೆಟ್ಟಿಲಿಳಿಯುವಾಗ ಅವಳು ಬ್ಯಾಗಿನಿಂದ ಫೋನು ತೆಗೆದಳು. ನಾಗೇಶ್ ಕೈ ಚಾಚಿದ.

"ಕೊಡಿಲ್ಲಿ. ನಂದ್ರಲ್ಲಿ ಚಾರ್ಜಿಲ್ಲ, ದಾರಿ ನೋಡ್ಬೇಕು."

ಕಾಮಸಮುದ್ರದ ದಾರಿಯನ್ನು ಅವನು ಕಣ್ಣು ಕಟ್ಟಿದರೂ ಓಡಿಸುತ್ತಿದ್ದ. ಫೋನು ಅವನ ಜೇಬಿಗೆ ಹೋಯಿತು. ಹಿಂದೆ ಮಾರಿಯಮ್ಮ ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡಳು. ಆ ಮನೆಯಲ್ಲಿ ಫೋನಿಲ್ಲ, ಕಾಮಸಮುದ್ರದ ಬಸ್ಸಿಗೆ ಮುದುಕರು ನಡೆದು ಹೋಗುವಷ್ಟರಲ್ಲಿ ಬೈಕು ಅಲ್ಲಿರುತ್ತದೆ.

ಬೈಕು ಕಾಮಸಮುದ್ರದ ದಾರಿ ಹಿಡಿಯಿತು. ಅವಳ ಕೈ ಅವನ ಸೊಂಟ ಹಿಡಿದಿತ್ತು, ಹಿಡಿಯದಿದ್ದರೆ ಸಂಶಯ ಬರುತ್ತದೆಂದು. ಅವನ ಬೆನ್ನು ಬೆಚ್ಚಗಿತ್ತು. ನಂಬಿದನೇ? ನಂಬಿದ್ದರೆ ಮಂತ್ರವಾದಿಯನ್ನು ಹುಡುಕುತ್ತಾನೆ, ಸಿಗಲಿಲ್ಲವೆಂದು ವಾಪಸ್ ಬರುತ್ತಾನೆ. ನಂಬಿರಲಿ, ನಂಬಿರಲಿ ದೇವರೇ. ಹೊಲಗಳು ಹಿಂದಕ್ಕೆ ಸರಿದವು. ರಸ್ತೆ ಕವಲೊಡೆಯುವ ಕಡೆ, ಹುಣಸೇಮರದಡಿಯ ಹಣ್ಣಿನ ಗಾಡಿಯ ಮುಂದೆ ಅವನು ಬೈಕು ನಿಲ್ಲಿಸಿದ.

ಇಳಿಯದೆಯೇ ಕಾಲೂರಿ, ಹಿಂದಕ್ಕೆ ತಿರುಗಿ ನೋಡಿದ. ಮುಖದಲ್ಲಿ ಕೋಪವಿಲ್ಲ, ಅವಸರವಿಲ್ಲ.

"ಎಂಥಾ ಹಣ್ಣು ತಗಳಾಣ ಹೇಳು," ಎಂದ. "ಕಾಲು ಮುರ್ಕಂಡು ಮಲ್ಗಿರೋ ಉಡುಗಿ. ಬರಿಗೈಲಿ ಓದ್ರೆ ಚೆನ್ನಾಗಿರಲ್ಲ."